ಕುರಿ ಪಟ್ಟಿಯೂ ಔರಾದಿನ ಬಸ್ಸೂ

ಬೈದು ಹೇಳುವ ದೂರನ್ನು ಹೇಗೋ ತಾಳಿಕೊಳ್ಳಬಹುದು, ನಗುತ್ತಾ ಹೇಳುವ ದೂರು ಮಾತ್ರ ತಿಂದ ರೊಟ್ಟಿಯನ್ನು ಗಂಟಲಲ್ಲೇ ನಿಲ್ಲಿಸುತ್ತದೆ. ಕುರಿಗಳಿಗೆ ಲಸಿಕೆ ಹಾಕಿದ ವಿವರ ತುಂಬುವ ವೆಬ್‌ಸೈಟೊಂದನ್ನು ಬೀದರಿನ ಪುಟ್ಟ ಆಫೀಸಿನಲ್ಲಿ ಕೂತು ನಾನೇ ಕಟ್ಟಿದ್ದೇನೆ. ತುಂಬುವುದು ಸಲೀಸು. ಸಂಜೆ ಇಡೀ ತಾಲೂಕಿನ ಪಟ್ಟಿಯನ್ನು ಒಟ್ಟಿಗೆ ಇಳಿಸಿಕೊಳ್ಳಲು ಗುಂಡಿ ಒತ್ತಿದರೆ ಮಾತ್ರ ಪರದೆಯ ಮೇಲೊಂದು ಚಕ್ರ ತಿರುಗತೊಡಗಿ, ತಿರುಗುತ್ತಲೇ ಇರುತ್ತಿತ್ತು. ಭಾಲ್ಕಿಯಲ್ಲಿ ಲಸಿಕೆ ಕೆಲಸ ನೋಡುವ ಭೀಮಣ್ಣ, ಅವರದೂ ಕುರಿ ಸಾಕಿದ ಮನೆತನವೇ, ಒಂದು ದಿನ ಫೋನಿನಲ್ಲಿ ನಕ್ಕರು: "ಸಾಹೇಬ್ರ, ನಿಮ್ಮ ಪಟ್ಟಿ ಬರೋದ್ರಾಗ ಇಲ್ಲಿ ಕುರಿ ಮರಿ ಹಾಕ್ಯಾವರಿ. ಅವನ್ನೂ ಅದರಾಗ ಸೇರ್ಸಿ ಕಳಸ್ರಿ."

ಔರಾದಿನಲ್ಲಿ ಅದೇ ಕೆಲಸದಲ್ಲಿರುವ ಸುವಾರ್ತಮ್ಮನವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಪಟ್ಟಿ ನೋಡಿ, ನಾಳೆಗೆ ಎಷ್ಟು ಲಸಿಕೆ ಬೇಕೆಂದು ಮೇಲಿನವರಿಗೆ ತಿಳಿಸದೆ ಅವರು ಕುರ್ಚಿ ಬಿಡುವಂತಿಲ್ಲ. ಶನಿವಾರ ಸಂಜೆ ಬೀದರಿನ ಚರ್ಚಿನಲ್ಲಿ ಹಾಡಿನ ತಾಲೀಮು, ಹಾಡು ಎತ್ತಿಕೊಡುವವರೇ ಇವರು. "ಈ ವಾರನೂ ಬಸ್ ಹೋಯ್ತರಿ. ಮತ್ತ ತಪ್ಪಿದ್ರ ಹಬ್ಬಕ್ಕ ಬ್ಯಾರೇದವರ ಕಡಿಂದ ಹಾಡಸ್ತೀನಿ ಅಂದಾರ ಪಾಸ್ಟರು" ಎಂದಾಗ ಅವರ ದನಿ ಸಣ್ಣಗಾಗಿತ್ತು. ನನಗೆ ಹಟ ಬಂತು. "ಬರೋ ಶನಿವಾರ ನೀವು ಬಸ್ಸಿನಾಗ ಕೂಡ್ತೀರಿ ಅಕ್ಕಾರ" ಎಂದೆ.

ಬಗೆದು ನೋಡಿದರೆ, ನನ್ನ ಪ್ರೋಗ್ರಾಂ ಒಂದೊಂದು ಕುರಿಗೂ ಬೇರೆ ಬೇರೆಯಾಗಿ ಡೇಟಾಬೇಸಿಗೆ ಹೋಗಿ "ಇದರ ಮಾಲಕ ಯಾರು?" ಎಂದು ಕೇಳಿ ಬರುತ್ತಿತ್ತು. ಕಮಠಾಣದ ನಮ್ಮ ಸೋದರತ್ತೆ ಹೀಗೆಯೇ ಉಪ್ಪಿಗೊಮ್ಮೆ, ಅರಿಶಿನಕ್ಕೊಮ್ಮೆ, ಬೆಲ್ಲಕ್ಕೊಮ್ಮೆ ಕಿರಾಣಿ ಅಂಗಡಿಗೆ ಹೋಗುತ್ತಿದ್ದಳು. ಆದರೆ ಆಕೆ ಪ್ರತಿ ಸಲವೂ ಓಣಿಯ ಒಂದು ಸುದ್ದಿಯನ್ನು ಹೊತ್ತು ತರುತ್ತಿದ್ದಳು. ನನ್ನ ಪ್ರೋಗ್ರಾಂಗೆ ಆ ಸುಖವೂ ಇಲ್ಲ. ಎಲ್ಲ ಮಾಲಕರ ಹೆಸರನ್ನೂ ಒಂದೇ ಸಲಕ್ಕೆ ತರುವಂತೆ ತಿದ್ದಿದೆ. ನನ್ನ ಮೇಜಿನ ಮೇಲೆ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಇಳಿಯಿತು.

ಔರಾದಿನಲ್ಲಿ ಮಾತ್ರ ಚಕ್ರ ತಿರುಗುತ್ತಲೇ ಇತ್ತು! ಶುಕ್ರವಾರ ನಾನೇ ಹೋಗಿ ಸುವಾರ್ತಮ್ಮನವರ ಹಿಂದೆ ನಿಂತೆ. ಅವರು ಗುಂಡಿ ಒತ್ತಿದರು. ಇನ್ನೊಮ್ಮೆ ಒತ್ತಿದರು. ಮತ್ತೂ ಒಮ್ಮೆ.

"ಅಷ್ಟ್ ಸಲ ಯಾಕ ಒತ್ತತೀರಿ ಅಕ್ಕಾರ?"

"ಒಂದೇ ಸಲ ಕೇಳಿದ್ರ ಯಾರ್ ಕೊಡ್ತಾರ್ರಿ? ಈಗ ನೀವೇ ಚಾ ಬ್ಯಾಡ, ಬ್ಯಾಡ ಅಂದ್ರಿ. ಮೂರನೇ ಸಲ ಅಂದ ಮ್ಯಾಲೇ ಕಪ್ ಹಿಡದ್ರಿಲ್ಲೋ?"

ಕೈಯಲ್ಲಿದ್ದ ಚಹಾ ಗುಟುಕರಿಸಿ ಪರದೆ ನೋಡಿದೆ. ಪ್ರತಿ ಸಲ ಒತ್ತಿದಾಗಲೂ ನನ್ನ ಸರ್ವರು ಹಳೆಯ ಕೆಲಸದ ಜೊತೆಗೇ ಇನ್ನೊಂದು ಪಟ್ಟಿಯನ್ನು ಮೊದಲಿನಿಂದ ಶುರು ಮಾಡುತ್ತಿತ್ತು. ಭಾಲ್ಕಿಯಲ್ಲೂ ಇದೇ ಉಪಚಾರ; ಸಂಜೆ ಎಲ್ಲ ತಾಲೂಕುಗಳವರೂ ಹೀಗೆ ಒಟ್ಟಿಗೆ ಒತ್ತತೊಡಗಿದರೆ ಸರ್ವರು ಉಸಿರು ಕಟ್ಟಿ ನಿಲ್ಲುತ್ತಿತ್ತು. ಅಲ್ಲೇ ಕೂತು ತಿದ್ದಿದೆ. ಒಮ್ಮೆ ಒತ್ತಿದ ಕೂಡಲೇ "ಆಯ್ತರಿ, ತರ್ಲಾಕ ಹೋಗೇನಿ" ಎಂದು ಪರದೆ ಹೇಳುತ್ತದೆ, ಆಮೇಲೆ ಎಷ್ಟು ಒತ್ತಿದರೂ ಎರಡನೆಯ ಪಟ್ಟಿ ಶುರುವಾಗುವುದಿಲ್ಲ.

ಶನಿವಾರ ಸುವಾರ್ತಮ್ಮ ಬಸ್ಸು ಹಿಡಿದರು, ತಾಲೀಮಿನಲ್ಲಿ ಗಂಟಲು ಬಿಚ್ಚಿ ಹಾಡಿದರು. ಅದೇ ಹಾಡಿನ ಗುಂಪಿನಲ್ಲಿರುವ ನನ್ನ ಹೆಂಡತಿಯ ಕೈ ಹಿಡಿದು, "ನಿಮ್ಮ ಯಜಮಾನ್ರು ಪುಣ್ಯಾತ್ಮರು ನೋಡ್ರಿ. ಈಗ ಐದು ಹೊಡಿಯೋದ್ರಾಗ ಎಲ್ಲಾ ಮುಗೀತದ" ಎಂದು ಹರಸಿದರಂತೆ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಹಂಗಾದ್ರ ನಿನ್ನೆ ತನಕಾ ದಿನಾ ಪಟ್ಟಿ ಇಳ್ಯಾಕತ್ತದ ಅಂತ ಎಂಟಕ್ಕ ಬರ್ತಿದ್ರಿ. ಇನ್ನ ಮ್ಯಾಲ ಏನ್ ಹೇಳ್ತೀರಿ?"

ಗೆಳೆಯರ ಜೊತೆ ಕಟ್ಟೆಯ ಮೇಲೆ ಹರಟಲು ಇದ್ದ ಒಂದೇ ಗಟ್ಟಿ ನೆಪವನ್ನು, ಅಷ್ಟೊಂದು ಹಟ ಹಿಡಿದು, ನನ್ನ ಕೈಯಾರೆ ನಾನೇ ಮುಗಿಸಿದ್ದೆ. ಈಗ ಐದೂವರೆಗೆಲ್ಲ ಮನೆಯಲ್ಲಿರುತ್ತೇನೆ. ಬೆಳ್ಳುಳ್ಳಿ ಸುಲಿಯುವ ಕೆಲಸ ನನ್ನದು. ಅದನ್ನು ಬೇಗ ಮುಗಿಸುವ ಉಪಾಯ ಗೊತ್ತಿದ್ದರೂ ಯಾರಿಗೂ ಹೇಳುವುದಿಲ್ಲ.