ಭಾರ ಹೊರದ ತೊಲೆಗಳು

ಸುಳ್ಳನ್ನಾದರೂ ಸಹಿಸಿಕೊಂಡೇನು, ಸುಳ್ಳಿಗೆ ಬಣ್ಣ ಬಳಿದು ವಯಸ್ಸಾದಂತೆ ತೋರಿಸುವುದನ್ನು ಸಹಿಸಲಾರೆ. ಇಪ್ಪತ್ತೆರಡು ವರ್ಷ ಸುದ್ದಿಮನೆಯಲ್ಲಿ ಬೇರೆಯವರ ಬರಹದ ತಪ್ಪು ಹುಡುಕಿದವನ ರೋಗ ಇದು. ಮದುವೆಯ ಕರೆಯೋಲೆ ಬಂದರೂ ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಮೊದಲು ನೋಡುತ್ತೇನೆ. ವಧೂವರರ ಹೆಸರು ಆಮೇಲೆ. ನಾನು ಊಟಕ್ಕೆ ಹೋಗುವುದೇ ತಪ್ಪು ಹುಡುಕಲು ಎಂದು ನನ್ನ ಹೆಂಡತಿ ಉಷಾ ಹೇಳುತ್ತಾಳೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಇರುವ ಗೆಳೆಯ ರಘು, ಇಂಗ್ಲೆಂಡಿಗೆ ಹೋಗಿ ಬಂದವನೇ ತನ್ನ ಬೇಸ್‌ಮೆಂಟನ್ನು ಅಲ್ಲಿನ ಹಳ್ಳಿಯ ಹಳೆಯ ಪಬ್ಬಿನಂತೆ ಮಾಡಿಸಿದ. ನಮ್ಮ ಗ್ರೀನ್ ಕಾರ್ಡ್ ಸಂದರ್ಶನದ ಹಿಂದಿನ ವಾರವೇ ಅದರ ಉದ್ಘಾಟನೆ. ಮೊದಲು ಪೂಜೆ, ಆಮೇಲೆ ಕಾಫಿ, ಬೋಂಡ. ರಘು ಕುಡಿಯುವುದಿಲ್ಲ, ನನ್ನ ಆಕ್ಷೇಪ ಅದಲ್ಲ.

ಆಕ್ಷೇಪ ತೊಲೆಗಳದ್ದು. ಅಂಥದೊಂದು ಪಬ್ಬಿನ ಮಹಡಿಯಲ್ಲಿ ಹಿಂದೆ ನಾನೂ ಒಂದು ತಿಂಗಳು ಬಾಡಿಗೆಗಿದ್ದೆ. ಅಲ್ಲಿ ಓಕ್ ಮರದ ತೊಲೆ ಇರುವುದು ಮಹಡಿಯನ್ನು ಹೊರಲು. ಬಾಗಿರುವುದು ಶತಮಾನಗಳಿಂದ ಹೊತ್ತದ್ದಕ್ಕೆ. ಬೆಂಕಿಗೂಡಿನ ಒಳಗೇ ಇಬ್ಬರು ಕೂರಬಹುದು, ಚಳಿ ಅಂಥದು. ಗೋಡೆ ಕಪ್ಪಾಗಿರುವುದು ಹೊಗೆಗೆ. ಒಂದೂ ಶೋಕಿಗಲ್ಲ. ರಘುವಿನಲ್ಲಿ ಬೆಂಕಿ ಟೀವಿ ಪರದೆಯ ಮೇಲೆ ಉರಿಯುತ್ತದೆ. ಹೊಗೆಯ ಕಲೆಯನ್ನು ಪೇಂಟರ್ ಸ್ಪಂಜಿನಲ್ಲಿ ಒತ್ತಿದ್ದಾನೆ. ತೊಲೆಗಳು ಏಳು, ಏಳೂ ಫೋಮಿನವು. ಬೆರಳಲ್ಲಿ ತಟ್ಟಿದೆ, ಥರ್ಮಾಕೋಲ್ ಡಬ್ಬಿಯ ಸದ್ದು ಬಂತು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ರಘುವಿನ ಹೆಂಡತಿ ಸುಧಾ ಇದನ್ನೆಲ್ಲ ಮೈಸೂರಿನ ವಾಸ್ತು ಜೋಯಿಸರಿಗೆ ವಿಡಿಯೋದಲ್ಲಿ ತೋರಿಸಿದ್ದಳು. ತೊಲೆಯ ಕೆಳಗೆ ಯಾರೂ ಕೂರಕೂಡದು, ಹಿಡಿದ ಕೆಲಸ ಕೆಡುತ್ತದೆ ಎಂದರಂತೆ ಅವರು. ಹೀಗಾಗಿ ಮೂವತ್ತು ಜನ ತೊಲೆಗಳ ನಡುವಿನ ಜಾಗದಲ್ಲಷ್ಟೇ ಕುರ್ಚಿ ಹಾಕಿಕೊಂಡು, ಬಸ್ಸಿನಲ್ಲಿ ಕೂತಂತೆ ಮುಂದಿನವರ ಬೆನ್ನು ನೋಡುತ್ತ ಬೋಂಡ ತಿನ್ನುತ್ತಿದ್ದರು. ನನ್ನ ತಾಳ್ಮೆ ತಪ್ಪಿತು. ನಿಜವಾದ ತೊಲೆಯಾದರೆ ದೋಷ ಇರಲಿ, ಫೋಮಿಗೆ ದೋಷ ಎಲ್ಲಿಂದ ಬಂತು, ಎರಡರಲ್ಲೊಂದನ್ನು ಆರಿಸಿಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಇನ್ನೊಮ್ಮೆ ತಟ್ಟಿಯೂ ತೋರಿಸಿದೆ.

ರಘುವಿನ ಮುಖ ಇಳಿಯಿತು. ಒಂದು ವರ್ಷದ ವಾರಾಂತ್ಯಗಳನ್ನೆಲ್ಲ ಅವನು ಆ ಕೋಣೆಗೆ ಸುರಿದಿದ್ದ.

"ಸರಿ ಕಣೋ, ಫೋಮೇ ಅಂತಿಟ್ಕೊ," ಎಂದ ಮೆಲ್ಲಗೆ. "ಹಾಗಿದ್ರೆ ನೀನೇ ಅದರ ಕೆಳಗೆ ಕೂತ್ಕೊ."

ಕುರ್ಚಿ ಎಳೆದು ನಡುತೊಲೆಯ ಕೆಳಗೇ ಕೂತೆ. ಬೋಂಡ ತಿನ್ನುವುದನ್ನು ಬಿಟ್ಟು ಎಲ್ಲರೂ ನೋಡುತ್ತಿದ್ದರು. ಉಷಾ ಪಕ್ಕಕ್ಕೆ ಬಂದು ಬಗ್ಗಿ, "ರೀ, ಮಂಗಳವಾರ ಇಂಟರ್‌ವ್ಯೂ ಇದೆ," ಎಂದಳು. ಅಷ್ಟೇ.

ಮೇಲೆ ನೋಡಿದೆ. ದಾಖಲೆಗಾಗಿ ಹೇಳುತ್ತೇನೆ, ಅದು ಫೋಮೇ. ಸ್ಕ್ರೂ ಕೂಡ ಕಾಣುತ್ತಿತ್ತು. ಆದರೆ ಆ ಕಾರ್ಡಿಗಾಗಿ ನಾವು ಹನ್ನೊಂದು ವರ್ಷ ಕಾದದ್ದೆಲ್ಲ ಆ ಕ್ಷಣ ಅದರ ಮೇಲೆ ಬಂದು ಕೂತ ಹಾಗಾಯಿತು. ಬೆನ್ನು ನೋಯುತ್ತಿದೆ ಎಂದು ಹೇಳಿ ಕುರ್ಚಿಯನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದೆ.

ಯಾರೂ ನಗಲಿಲ್ಲ. ರಘು ಮಾತ್ರ ತಲೆಯೆತ್ತಿ ತನ್ನ ತೊಲೆಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಆಮೇಲೆ ನನ್ನ ತಟ್ಟೆಗೆ ಇನ್ನೆರಡು ಬೋಂಡ ಹಾಕಿದ. ಅದು ಅಸಲಿ ತೊಲೆ ಎಂದು ಮೂವತ್ತು ಸಾಕ್ಷಿಗಳ ಎದುರು ದೃಢೀಕರಿಸಿದವನು ನಾನೇ ತಾನೆ.