ಎಂಟಡಿ ತೊಟ್ಟಿ

ಹಾರ್ಲನ್ ಡ್ವೋರಾಕನ ಡ್ಯೂಕ್ ತಿರುಗಿದಾಗಲೆಲ್ಲ ಮೂತಿ ಗಾಜಿಗೆ ಬಡಿಯುತ್ತಿತ್ತು. ಡ್ಯೂಕ್ ಎಂದರೆ ಸರ್ಜನ್ ಮೀನು. ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳು. ತಂದಾಗ ಬಿಸ್ಕತ್ತಿನಷ್ಟಿದ್ದದ್ದು ಈಗ ಊಟದ ತಟ್ಟೆಯಷ್ಟಾಗಿ, ನಾಲ್ಕಡಿಯ ಉಪ್ಪುನೀರಿನ ತೊಟ್ಟಿಯಲ್ಲಿ ಬಚ್ಚಲಿಗೆ ನುಗ್ಗಿದ ಎಮ್ಮೆಯಂತೆ ಒದ್ದಾಡುತ್ತಿತ್ತು.

“ಹೀಗೇ ಬಿಟ್ರೆ ಸತ್ತೇ ಹೋಗುತ್ತೆ. ಎಂಟಡಿ ತೊಟ್ಟಿ ಇಲ್ದೋನು ಇದನ್ನ ಯಾಕೆ ಸಾಕ್ಬೇಕು?” ಎಂದು ಮೀನು ಸಾಕುವವರ ಸಂಘದ ಅಧ್ಯಕ್ಷ ಗಸ್ ಎಲ್ಲರೆದುರು ಬೈದಿದ್ದ.

ಹಾರ್ಲನ್ ಹಟ ಹಿಡಿದ. ಎಂಟಡಿಯ ಹಳೇ ತೊಟ್ಟಿಯೊಂದನ್ನು ಹುಡುಕಿ ಕೊಂಡೇಬಿಟ್ಟ. ಶನಿವಾರ ಅದು ಅಂಗಳಕ್ಕೆ ಬಂತು. ಹೊರಲು ಫೋನ್ ಮಾಡಿದ್ದೇ ತಡ, ಗಸ್, ಅದೇ ಸಂಘದ ಮೆರ್ಲ್, ಆರ್ವಿಲ್ ಮೂವರೂ ತಮ್ಮ ತಮ್ಮ ಟ್ರಕ್ಕಿನಲ್ಲಿ ಹಾಜರ್. ಹಿಂದೆ ಒಂದು ಉಪ್ಪಿನ ಮೂಟೆ ಎತ್ತಲು ಕರೆದಾಗ ಸೊಂಟನೋವು ಅಂದವರೇ ಇವರು.

“ಪೂರಾ ಎಂಟಡಿ ತಾನೆ?” ಮೆರ್ಲ್ ಇಳಿಯುತ್ತಲೇ ಟೇಪು ಹಿಡಿದ.

ತೊಟ್ಟಿ ಬಾಗಿಲಲ್ಲಿ ಹಿಡಿಸಲಿಲ್ಲ. ಮೆರ್ಲ್ ಕಿಟಕಿಯನ್ನೇ ಚೌಕಟ್ಟು ಸಮೇತ ಕಿತ್ತ. ಹೊರಗೆ ಬೀಳುತ್ತಿದ್ದ ಹಿಮ ಒಳಗೂ ಬೀಳತೊಡಗಿತು. ಜಾಗಕ್ಕಾಗಿ ಸೋಫಾ ಜಗಲಿಗೆ ಹೋಯಿತು.

“ನಾನೆಲ್ಲಿ ಕೂರ್ಲಿ?” ಹೆಂಡತಿ ಲೋರ್ನಾ ಕೂಗಿದಳು.

“ಮೊದ್ಲು ಡ್ಯೂಕ್ ತಿರುಗ್ಲಿ. ಆಮೇಲೆ ನೀನು ಕೂರು!”

ಪೀಪಾಯಿಗಳಲ್ಲಿ ಕಲಸಿಟ್ಟಿದ್ದ ಉಪ್ಪುನೀರು ತುಂಬಿಸಿ, ನಾಲ್ಕಡಿ ತೊಟ್ಟಿಯ ಅರ್ಧದಷ್ಟು ಕಲ್ಲುಗಳನ್ನು ಇದಕ್ಕೆ ಹಾಕಿದ್ದಾಯಿತು. ಹಿಡಿಯಹೋದರೆ ಡ್ಯೂಕ್ ಬಲೆಯನ್ನೂ ಹರಿದುಹಾಕಿತು, ಹಾರ್ಲನ್‌ನ ಹೆಬ್ಬೆರಳನ್ನೂ ಕೊಯ್ಯಿತು. ಕೊನೆಗೆ ಅವನು ಅದನ್ನು ಕಸದ ಡಬ್ಬದಲ್ಲಿ ಮೊಗೆದು ಎಂಟಡಿ ತೊಟ್ಟಿಗೆ ಬಿಟ್ಟ.

ಡ್ಯೂಕ್ ಈ ತುದಿಯಿಂದ ಆ ತುದಿಗೆ ಹೋಯಿತು. ಎಲ್ಲಿಯೂ ತಾಗದೆ ತಿರುಗಿತು. ಹಾರ್ಲನ್‌ನ ಕಣ್ಣು ತುಂಬಿ ಬಂತು.

ಹಿಂತಿರುಗಿ ನೋಡಿದರೆ ಗಸ್, ಆರ್ವಿಲ್ ಇಬ್ಬರೂ ಟ್ರಕ್ಕಿನಿಂದ ಮುಚ್ಚಳದ ಬಕೆಟ್ ತರುತ್ತಿದ್ದಾರೆ. ಮೆರ್ಲ್‌ನ ಬಕೆಟ್ ಆಗಲೇ ಒಳಗಿದೆ.

“ನಮ್ಮ ಸರ್ಜನ್‌ಗಳೂ ಬೆಳೆದುಬಿಟ್ಟಿವೆ ಮಾರಾಯ,” ಎಂದ ಗಸ್. “ಊರಲ್ಲಿ ಎಂಟಡಿ ಇರೋದು ನಿನ್ನ ಹತ್ರ ಮಾತ್ರ.”

“ನಿಂದೆಷ್ಟಡಿ?”

“ಮೂರು.”

“ಮತ್ತೆ ನಂಗೆ ಬೈದ್ಯಲ್ಲೋ!”

“ಬೈದಿದ್ದಕ್ಕೇ ತಾನೆ ನೀನು ತಗೊಂಡಿದ್ದು?”

“ಆಗಲ್ಲ! ಎಲ್ಲಾ ಎತ್ಕೊಂಡು ನಡೀರಿ!”

ಮೆರ್ಲ್ ಕಿತ್ತ ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಳಿದ: “ಕಿಟಕಿ ಕೂರಿಸ್ಬೇಕೋ, ಬೇಡ್ವೋ?”

ಲೋರ್ನಾ ಚಳಿಗೆ ಹಲ್ಲು ಕಡಕಡಿಸುತ್ತ ಗಂಡನನ್ನು ನೋಡಿದಳು. ಅಷ್ಟೇ ಸಾಕಾಯಿತು. ಮೂರು ಬಕೆಟ್‌ಗಳೂ ಎಂಟಡಿ ತೊಟ್ಟಿಗೆ ಬೋರಲಾದವು.

ಬಂದ ಮೂರು ಮೀನೂ ಸೇರಿ ತೊಟ್ಟಿಯ ಯಜಮಾನನನ್ನೇ ಅಟ್ಟಾಡಿಸಿದವು. ಡ್ಯೂಕ್‌ನ ರೆಕ್ಕೆ ಚಿಂದಿಯಾಗುವ ಮೊದಲೇ ಹಾರ್ಲನ್ ಅದನ್ನು ಮತ್ತೆ ಕಸದ ಡಬ್ಬದಲ್ಲಿ ಮೊಗೆದು, ಹಳೇ ನಾಲ್ಕಡಿ ತೊಟ್ಟಿಗೆ ಹಾಕಿದ.

ಡ್ಯೂಕ್ ತಿರುಗಿತು. ಟಕ್.

ಕಿಟಕಿ ಕೂತಿತ್ತು. ಲೋರ್ನಾ ಕಂಬಳಿ ಹೊದ್ದು ಜಗಲಿಯ ಸೋಫಾದಲ್ಲಿ ಕೂತಿದ್ದಳು. ಹಾರ್ಲನ್ ರಕ್ತ ಒಸರುವ ಹೆಬ್ಬೆರಳನ್ನು ಚೀಪುತ್ತ ಹಟದಿಂದ ಕೇಳಿದ:

“ಹತ್ತಡಿದು ಎಲ್ಲಿ ಸಿಗುತ್ತೆ?”

“ನೀನು ತಗೋ, ಹೊರೋಕೆ ನಾವಿದ್ದೀವಿ!” ಎಂದರು ಮೂವರೂ ಒಟ್ಟಿಗೆ.