ಡಬ್ಬಿ ಇಲ್ಲದ ದಿನ

ಜಗಳಕ್ಕೂ ಮುಹೂರ್ತ ಬೇಕು ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅದುವರೆಗೆ ಸಿಟ್ಟು ಬಂದರೆ ಸಾಕು, ಜಗಳ ತಾನಾಗಿಯೇ ಆಗುತ್ತದೆ ಎಂದು ನಂಬಿದ್ದೆ. ಸಿಟ್ಟೇನೋ ನನಗೆ ಧಾರಾಳವಾಗಿ ಬರುತ್ತದೆ. ಆದರೆ ಅದು ಬರುವ ಹೊತ್ತಿಗೆ ಎದುರಿಗೆ ಯಾರೂ ಇರುವುದಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗುವಾಗ, ಕಿಟಕಿಯ ಪಕ್ಕ ಕೂತು, ನಾನು ಮನಸ್ಸಿನಲ್ಲೇ ಎಂಥೆಂಥವರ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಮಾತ್ರ ಆವೇಶದಲ್ಲಿ ಮಾತು ಹೊರಗೇ ಬಂದುಬಿಟ್ಟಿತು. "ನಿಮಗ ನಾಚಿಕಿ ಬರಂಗಿಲ್ಲೇನ್ರೀ?" ಎಂದು ಕಿಟಕಿಗೆ ಕೇಳಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋಗಿ ಕೂತರು.

ಈ ಸಿಟ್ಟಿಗೆಲ್ಲ ಕಾರಣ ಪಕ್ಕದ ಮನೆಯ ರೇವಣಪ್ಪನವರ ಗಂಟಲು. ನಮ್ಮದೂ ಅವರದೂ ಎರಡು ಮನೆ. ಆದರೆ ಅಂಗಳ ಒಂದೇ, ನಳ ಒಂದೇ, ನಳದ ನೀರು ಗಟಾರಕ್ಕೆ ಹೋಗುವ ಕಾಲುವೆಯೂ ಒಂದೇ. ಆ ಕಾಲುವೆ ಹಾದುಹೋಗುವುದು ನಮ್ಮ ಕಟ್ಟೆಯ ಬುಡದಲ್ಲಿ. ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ನಾನು ಆ ಕಟ್ಟೆಯ ಮೇಲೆ ಚಹಾ ಮತ್ತು ಪೇಪರು ಇಟ್ಟುಕೊಂಡು ಕೂರುತ್ತೇನೆ. ಇಡೀ ದಿನದಲ್ಲಿ ಸಾಹೇಬರದ್ದಲ್ಲದ, ಹೆಂಡತಿಯದ್ದಲ್ಲದ, ಬಸ್ಸಿನದ್ದಲ್ಲದ, ನನ್ನದೇ ಎಂದು ಇರುವುದು ಅದೊಂದೇ ಅರ್ಧ ಗಂಟೆ. ಸರಿಯಾಗಿ ಅದೇ ಅರ್ಧ ಗಂಟೆಗೆ ರೇವಣಪ್ಪನವರು ಬೇವಿನ ಕಡ್ಡಿ ಕಚ್ಚಿಕೊಂಡು ನಳಕ್ಕೆ ಬರುತ್ತಾರೆ. ಹಲ್ಲಿಗೆ ಎರಡು ನಿಮಿಷ ಸಾಕು. ಉಳಿದದ್ದೆಲ್ಲ ಗಂಟಲಿಗೆ. ಮೊದಲು ಸಣ್ಣಗೆ ಒಂದೆರಡು ಸಲ ಹದ ನೋಡುತ್ತಾರೆ. ಆಮೇಲೆ ಎದೆಯಿಂದ, ಅದಾದ ಮೇಲೆ ಹೊಟ್ಟೆಯಿಂದ, ಕಡೆಗೆ ಅಂಗಾಲಿನಿಂದಲೇ ಎದ್ದು ಬಂತೇನೋ ಎನ್ನುವಂಥ ಒಂದು ಕ್ಯಾಕರಿಕೆ. ತಂತಿಯ ಮೇಲಿನ ಕಾಗೆಗಳು ಹಾರಿಹೋಗುತ್ತವೆ. ನಂತರ ಥೂ. ಅದು ಸಾವಕಾಶವಾಗಿ ಕಾಲುವೆಯಲ್ಲಿ ನನ್ನ ಮುಂದೆ ತೇಲಿಹೋಗುವಾಗ ಚಹಾದ ಗುಟುಕು ನನ್ನ ಬಾಯಲ್ಲೇ ಇರುತ್ತದೆ. ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಅವರ ಮನೆಯೊಳಗೆ ಚಂದದ ಬಿಳಿ ಬೇಸಿನ್ನೊಂದಿದೆ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತಾರೆ, ಅಷ್ಟೆ.

ಮುಖ ನೋಡಿ ಹೇಳಲು ಧೈರ್ಯ ಸಾಲದೆ ಮೊದಲು ಬರಹಕ್ಕೆ ಶರಣಾದೆ. ಗುಮಾಸ್ತನಿಗೆ ಬೇರೆ ಯಾವ ಆಯುಧ ಗೊತ್ತು? "ಇಲ್ಲಿ ಉಗುಳಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದು ನಳದ ಹಿಂದಿನ ಗೋಡೆಗೆ ಅಂಟಿಸಿದೆ. ಮರುದಿನ ರೇವಣಪ್ಪನವರು ಅದರ ಮುಂದೆ ನಿಂತು ಕೂಡಿಸಿ ಕೂಡಿಸಿ ಓದಿದರು. ನಾನು ಪೇಪರಿನ ಹಿಂದೆ ಮುಖ ಅಡಗಿಸಿದೆ. "ಛಲೋ ಮಾಡಿದ್ರಿ ಅಳಿಯರ, ಈ ಓಣಿ ಮಂದಿಗೆ ಜರಾನೂ ತಿಳುವಳಿಕಿ ಇಲ್ಲ ನೋಡ್ರಿ" ಎಂದರು. ಆಮೇಲೆ ಕಾಗದಕ್ಕೆ ಸಿಡಿಯಬಾರದೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅಂದರೆ ನನ್ನ ಕಡೆಗೆ ಸರಿದು, ತಮ್ಮ ಕೆಲಸ ಮುಗಿಸಿದರು.

ಅಳಿಯರ ಎಂದರೆ ಅವರ ಮಗಳನ್ನೇನೂ ನಾನು ಮದುವೆಯಾಗಿಲ್ಲ. ನನ್ನ ಹೆಂಡತಿ ಶೋಭಾಳ ತವರು ಬೇಮಳಖೇಡ; ರೇವಣಪ್ಪನವರದೂ ಅದೇ ಊರು. ಅವರ ಹೊಲ ಈಗಲೂ ಅಲ್ಲಿದೆ. ಇವಳು ಅವರನ್ನು ಕಾಕಾ ಎನ್ನುತ್ತಾಳೆ, ಅವರ ಹೆಂಡತಿಯನ್ನು ಕಾಕು ಎನ್ನುತ್ತಾಳೆ. ಹೀಗಾಗಿ ನಾನು ಇಡೀ ಊರಿನ ಅಳಿಯ, ಅವರು ನನಗೆ ಮಾವ. ಮಾವನ ಗಂಟಲಿನ ಬಗ್ಗೆ ಅಳಿಯ ಮಾತೆತ್ತುವುದು ಹೇಗೆ? ಅದಕ್ಕಿಂತ ದೊಡ್ಡ ತೊಡಕು ಡಬ್ಬಿಯದು. ನಮ್ಮಲ್ಲಿ ಯಾರದೇ ಮನೆಯ ಡಬ್ಬಿಯನ್ನು ಖಾಲಿ ಮರಳಿಸಬಾರದು. ಕಾಕು ಒಂದು ದಿನ ಪುಂಡಿಪಲ್ಯ ಕಳಿಸುತ್ತಾರೆ. ಆ ಡಬ್ಬಿಯಲ್ಲಿ ಶೋಭಾ ಶೇಂಗಾ ಹೋಳಿಗೆ ತುಂಬಿ ಕೊಡುತ್ತಾಳೆ. ಇವಳ ಡಬ್ಬಿಯಲ್ಲಿ ಎಣ್ಣೆಗಾಯಿ ಹೋಗುತ್ತದೆ. ಅದು ಚಕ್ಕುಲಿ ಹೊತ್ತು ಬರುತ್ತದೆ. ನಾನು ಸಿಟ್ಟಿನಿಂದ ಎದ್ದಾಗಲೆಲ್ಲ ಶೋಭಾ ತಡೆಯುತ್ತಿದ್ದಳು. "ಅವರ ಡಬ್ಬಿ ನಮ್ಮ ಮನ್ಯಾಗ ಇಟಗೊಂಡು ಜಗಳಕ್ಕ ಹೊಂಟೀರೇನು? ತಿಂದ ಬಾಯಿ ಇನ್ನಾ ಒಣಗಿಲ್ಲ!" ಸರಿ ಎಂದು ಕಾಯುತ್ತಿದ್ದೆ. ಅವರ ಡಬ್ಬಿ ಹೋಗುವಷ್ಟರಲ್ಲಿ ನಮ್ಮದು ಅಲ್ಲಿರುತ್ತಿತ್ತು. "ನಮ್ಮಪ್ಪ ಹೆಸರು ಹಾಕಿಸಿಕೊಟ್ಟ ಡಬ್ಬಿ ಅದ ಅಲ್ಲಿ. ಅದು ವಾಪಸ್ ಬರ್ಲಿ, ಆಮ್ಯಾಲ ಏನರ ಮಾಡ್ಕೋರಿ." ಹೀಗೆ ಎರಡು ವರ್ಷ ಡಬ್ಬಿಗಳು ಓಡಾಡುತ್ತಿದ್ದವು, ಗಂಟಲು ಗರ್ಜಿಸುತ್ತಿತ್ತು, ನಾನು ಬಸ್ಸಿನ ಕಿಟಕಿಯ ಜತೆ ಜಗಳವಾಡುತ್ತಿದ್ದೆ.

ಕಡೆಗೂ ಒಂದು ದಿನ ಕೂಡಿಬಂತು. ಅವರ ಮನೆಯವರೆಲ್ಲ ನಾಲ್ಕು ದಿನ ಯಾವುದೋ ಮದುವೆಗೆ ಹೋದರು. ಹೋಗುವ ಮುಂಚೆ ಕಾಕು ನಮ್ಮ ಡಬ್ಬಿ ಮರಳಿಸಿದ್ದರು. ಅವರದು ಹಿಂದಿನ ದಿನವೇ ಅವರ ಮನೆ ಸೇರಿತ್ತು. ಅವರು ಹಿಂದಿರುಗಿದ ಮರುದಿನ ಬೆಳಿಗ್ಗೆ, ಶೋಭಾ ಒಳಗಿದ್ದಾಗ, ನಾನು ಕಟ್ಟೆ ಇಳಿದು ನಳದ ಬಳಿಗೆ ಹೋದೆ. ಬಸ್ಸಿನಲ್ಲಿ ಎರಡು ವರ್ಷ ಕಾಯಿಸಿದ ಮಾತುಗಳು ಆ ಹೊತ್ತಿನಲ್ಲಿ ಒಂದೂ ಬರಲಿಲ್ಲ. ಬಂದದ್ದು ಕಚೇರಿಯ ಕನ್ನಡ. "ತಾವು ಪ್ರತಿದಿನ ಸದರಿ ಸ್ಥಳದಲ್ಲಿ ಉಗುಳುತ್ತಿರುವುದರಿಂದ ನಮಗೆ ತೀವ್ರ ತೊಂದರೆಯಾಗುತ್ತಿದ್ದು..." ಎಂದು ಶುರುಮಾಡಿ, ವಾಕ್ಯ ಮುಗಿಸಲಾರದೆ ನಿಂತೆ.

ರೇವಣಪ್ಪನವರು ಬಾಯಿಂದ ಕಡ್ಡಿ ತೆಗೆದರು. "ಎಷ್ಟು ದಿನದಿಂದ ತಕಲೀಫ್ ಆಗಾಕತ್ತದ್ರಿ?"

"ಎರಡು ವರ್ಷ ಆತ್ರಿ."

"ಎರಡು ವರ್ಷ ಮನಸಿನ್ಯಾಗ ಇಟಗೊಂಡು ನಮ್ಮ ಮನಿ ಊಟ ಉಂಡ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆಯ್ತ್ರಿ ಸಾಹೇಬ್ರ. ಇನ್ನ ಮ್ಯಾಲ ಆಗಂಗಿಲ್ರಿ" ಎಂದು ಒಳಗೆ ಹೋಗಿ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವರು ಹಾಗೆ ಒಪ್ಪಿಕೊಂಡದ್ದರಿಂದ ಅದಕ್ಕೂ ದಾರಿಯಿಲ್ಲದಾಯಿತು. ಅಳಿಯನಿಂದ ಸಾಹೇಬನಿಗೆ ಬಡ್ತಿ ಸಿಕ್ಕಿದರೆ ಇಷ್ಟು ಸಂಕಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಮೂರು ವಾರ ನಮ್ಮ ಅಂಗಳದಲ್ಲಿ ಎಂಥ ಶಾಂತಿ ಎನ್ನುತ್ತೀರಿ! ಕಾಲುವೆಯಲ್ಲಿ ಸ್ವಚ್ಛ ನೀರು, ತಂತಿಯ ಮೇಲೆ ನೆಮ್ಮದಿಯ ಕಾಗೆಗಳು. ನಾನು ಒಂದೇ ಸುದ್ದಿಯನ್ನು ಮೂರು ಸಲ ಓದುತ್ತಿದ್ದೆ. ಅವರು ನಳ ಬಿಟ್ಟು ಹೋದರೆ ಏಳು ಗಂಟೆ ಎಂದು ನನಗೆ ಅಭ್ಯಾಸವಾಗಿತ್ತು. ಆ ಗುರುತು ತಪ್ಪಿ ಎರಡು ಸಲ ಬಸ್ಸೂ ತಪ್ಪಿತು. ಡಬ್ಬಿಗಳು ಅವರವರ ಮನೆಯ ಕಪಾಟಿನಲ್ಲಿ ಕೂತವು. ಶೋಭಾ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಟಕ್ಕೆಂದು ಇಟ್ಟು ಹೋಗುತ್ತಿದ್ದಳು. ಒಂದು ದಿನ ತಡೆಯಲಾರದೆ ಹೇಳಿದಳು: "ಅಪ್ಪ ಹೋದ ಮ್ಯಾಲ ನನಗ ತವರಮನಿ ಅಂದ್ರ ಆ ಒಂದು ಬಾಗಿಲ ಇತ್ತು. ಅದನ್ನೂ ಹಾಕಿಸಿದ್ರಿ." ಅಂದು ಹುಮನಾಬಾದಿನವರೆಗೂ ಬಸ್ಸಿನ ಕಿಟಕಿಗೂ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಸಜ್ಜೆರೊಟ್ಟಿ, ಅಂಬಲಿ ಮತ್ತು ಭಜ್ಜಿ ಕಟ್ಟಿಕೊಂಡು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದು ತಿಳಿದ ಪಾಪಿಗಳು ಕ್ಷಮಿಸಬೇಕು. ಚಳಿಗಾಲದಲ್ಲಿ ಸಿಗುವ ಸೊಪ್ಪು, ತರಕಾರಿ, ಹಸಿ ಕಾಳುಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದ ಪದಾರ್ಥ ಅದು. ಪ್ರತಿವರ್ಷ ಕಾಕುವಿನ ದೊಡ್ಡ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು. ಈ ಸಲ ಬೆಳಗಿನ ಜಾವದಿಂದ ಅಂಗಳ ದಾಟಿ ಬಂದದ್ದು ವಾಸನೆ ಮಾತ್ರ. ಅವರು ಜೀಪು ಹತ್ತಿ ಹೊಲಕ್ಕೆ ಹೋದರು. ರಜೆ ಹಾಕಿ ಮನೆಯಲ್ಲಿ ಕೂತಿದ್ದ ನನ್ನ ಮುಂದೆ ಶೋಭಾ ಅನ್ನ, ಬೇಳೆಸಾರು ತಂದಿಟ್ಟಳು. "ಹೊಲ ಇಲ್ಲದವರಿಗೆ ಭಜ್ಜಿ ಯಾತಕ್ಕ?" ಎಂದಳು.

ಸಂಜೆ ಜೀಪು ಹಿಂದಿರುಗಿದ ಸದ್ದು ಕೇಳಿತು. ನಾನು ಕಪಾಟಿನಿಂದ ನಮ್ಮ ಡಬ್ಬಿ ತೆಗೆದುಕೊಂಡೆ. ಶೋಭಾ ಗಾಬರಿಯಾದಳು. "ಖಾಲಿ ಡಬ್ಬಿ ಹಿಡಕೊಂಡು ಎಲ್ಲಿ ಹೊಂಟ್ರಿ? ಮರ್ಯಾದಿ ಅದನೋ ಇಲ್ಲೋ?"

"ಮರ್ಯಾದಿ ರೊಟ್ಟಿಗೆ ಹಚಗೊಂಡು ತಿನ್ನಾಕ ಬರಂಗಿಲ್ಲ" ಎಂದು ಹೊರಟೆ.

ಬಾಗಿಲು ತೆರೆದ ರೇವಣಪ್ಪನವರು ನನ್ನನ್ನು ನೋಡಿದರು, ಡಬ್ಬಿ ನೋಡಿದರು, ಮುಚ್ಚಳ ತೆಗೆದು ಒಳಗೂ ನೋಡಿದರು. "ಖಾಲಿ ಅದಲ್ರಿ?"

"ಹೌದ್ರಿ ಮಾವಾರ. ಭಜ್ಜಿ ಬೇಕಾಗ್ಯದ. ತಪ್ಪಾತು. ಮದಲಿನ ದಿನಾನೇ ಬಂದು ಹೇಳಬೇಕಾಗಿತ್ತು."

ಅವರು ಏನನ್ನೂ ಹೇಳುವ ಮೊದಲೇ ಒಳಗಿನಿಂದ ಕಾಕು ಬಂದು ಡಬ್ಬಿ ಕಸಿದುಕೊಂಡರು. "ನೀವು ಬಂದದ್ದು ಛಲೋ ಆತು. ಇವರ ಗಂಟಲಾ ಈಗ ನನ್ನ ಅಡಗಿಮನಿ ಬಾಜೂಕ ಬಂದದ. ಮೂರು ವಾರ ಆತು, ನಾ ಹುಚ್ಚಿ ಆಗೋದೊಂದು ಬಾಕಿ!" ರೇವಣಪ್ಪನವರು ತಲೆ ತಗ್ಗಿಸಿದರು. "ಬೇಸಿನ್ನಿನಾಗ ಗಂಟಲಾ ಬಿಚ್ಚಂಗಿಲ್ರಿ ಅಳಿಯರ. ಗ್ವಾಡಿ ಭಾಳ ಹತ್ರ ಆಗ್ತಾವ" ಎಂದರು. ಅಲ್ಲೇ ನಿಂತು ರಾಜಿಯಾಯಿತು. ಅವರು ನಳಕ್ಕೇ ಬರುವುದು, ಆದರೆ ಕಾಲುವೆ ಬಿಟ್ಟು ಆಚೆ ಗಟಾರಕ್ಕೆ ಉಗುಳಿ ಒಂದು ಬಕೆಟ್ ನೀರು ಹಾಕುವುದು, ಸದ್ದು ಆದಷ್ಟು ಸಣ್ಣಗೆ. ಡಬ್ಬಿ ತುಂಬಿ ಬಂತು. ಶೋಭಾ ಅದರಲ್ಲಿ ಅರ್ಧವನ್ನು ನಿಂತಲ್ಲೇ ತಿಂದಳು, ಕಣ್ಣು ಒರೆಸಿಕೊಳ್ಳುತ್ತಾ.

ಮರುದಿನ ನಾನು ಕಟ್ಟೆಯ ಮೇಲೆ ಪೇಪರು ಬಿಡಿಸಿದೆ. ರೇವಣಪ್ಪನವರು ಕಡ್ಡಿ ಮುಗಿಸಿ ಗಟಾರದ ಹತ್ತಿರ ನಿಂತರು. ಖ್ಖ... ಎಂದು ಶುರುಮಾಡಿದವರು ಒಪ್ಪಂದ ನೆನಪಾಗಿ, ಬಾಯಿಗೆ ಟವೆಲ್ ಒತ್ತಿಕೊಂಡು ಅರ್ಧಕ್ಕೇ ನಿಲ್ಲಿಸಿದರು. ನಾನು ಓದುತ್ತಿದ್ದ ಸಾಲೂ ಅರ್ಧಕ್ಕೆ ನಿಂತಿತು. ಮತ್ತೆ ಖ್ಖ... ಎಂದರು, ಮತ್ತೆ ಟವೆಲ್. ಏನೋ ಗಂಟಲವರೆಗೆ ಬಂದು ಬಾರದೆ ಉಳಿಯಿತು, ಅವರದಲ್ಲ, ನನ್ನದು. ಮೂರನೆಯ ಸಲಕ್ಕೆ ನನ್ನಿಂದ ತಡೆಯಲಾಗಲಿಲ್ಲ. ಪೇಪರು ಬಿಸಾಡಿ ಎದ್ದುನಿಂತೆ.

"ಮಾವಾರ! ಪೂರಾ ತೆಗೀರಿ! ಅರ್ಧಕ್ಕ ನಿಂದರಿಸಬ್ಯಾಡ್ರಿ!"

ಓಣಿಗೆಲ್ಲ ಕೇಳಿಸುವಂತೆ ಕೂಗಿದ್ದೆ. ಅವರೂ ನನ್ನ ಮಾತಿಗೆ ಮರ್ಯಾದೆ ಕೊಟ್ಟು, ಟವೆಲ್ ಹೆಗಲಿಗೆ ಎಸೆದು, ಮೂರು ವಾರದ್ದನ್ನೆಲ್ಲ ಸೇರಿಸಿ ತೆಗೆದರು. ಕಾಗೆಗಳು ಹಾರಿದವು. "ಹಾಂ, ಈಗ ಹೌದು ನೋಡ್ರಿ!" ಎಂದು ನಾನು ಇನ್ನೂ ಜೋರಾಗಿ ಕೂಗಿದೆ. ಎದುರು ಮನೆಯ ಕಿಟಕಿ ಧಡ್ಡನೆ ಮುಚ್ಚಿಕೊಂಡಿತು. ನಾನು ಕೂತು ಪೇಪರು ಎತ್ತಿಕೊಂಡೆ. ಎಂಥ ಜನವಪ್ಪಾ, ಬೆಳಬೆಳಿಗ್ಗೆ ಇಷ್ಟು ಜೋರಾಗಿ ಕಿಟಕಿ ಬಡಿದರೆ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತದೆ ಎಂಬ ಪರಿಜ್ಞಾನ ಬೇಡವೇ?